ಅಜ್ಜನಿಗೆ ಓದಿ ಹೇಳಿದ ಪುಸ್ತಕ

ಮುಂಬೈ ಬಳಿಯ ಕಳವಾ ಎಂಬಲ್ಲಿ ನಾವಿದ್ದ ಚಾಳಿನ ಹಿಂದಿನ ಗೋಡೆಯಾಚೆ ಲೋಕಲ್ ಗಾಡಿಗಳನ್ನು ತೊಳೆದು ನಿಲ್ಲಿಸುವ ಕಾರ್‌ಶೆಡ್ ಇತ್ತು. ಗಾಡಿ ಒಳಗೆ ಬಂದಾಗಲೆಲ್ಲ ಗೋಡೆಯ ಮೇಲಿನ ದೇವರ ಪಟಗಳು ಸಣ್ಣಗೆ ಅದುರುತ್ತಿದ್ದವು. ನಾವು ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದೆವು. ಹಾಗೆ ನಿಲ್ಲಿಸುವುದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಊರಿಗೆ ಹೋದಾಗಲೂ ಮಾತಿನ ನಡುವೆ ಸುಮ್ಮನಾಗುತ್ತೇವೆಂದು ನೆಂಟರು ನಗುತ್ತಿದ್ದರು. ಒಂದು ಕೋಣೆ, ಒಂದು ಅಡಿಗೆಮನೆ, ನಡುವೆ ಅಮ್ಮನ ಹಳೆಯ ಸೀರೆಯ ಪರದೆ. ಅಡಿಗೆಮನೆಯ ಮೂಲೆಯಲ್ಲೇ ಸ್ನಾನ, ಪಾತ್ರೆ, ಬಟ್ಟೆ ಎಲ್ಲ. ಆ ಕೋಣೆಯೂ ನಮ್ಮದಲ್ಲ, ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವನದು. ಅವರು ಮುಂಬೈಗೆ ಬಂದ ಹೊಸತರಲ್ಲಿ ಹಿಡಿದಿದ್ದ ಖೋಲಿ, ಕಲ್ಯಾಣಕ್ಕೆ ಹೋಗುವಾಗ ತಂಗಿಯ ಕೈಗೆ ಬೀಗದ ಕೈ ಕೊಟ್ಟಿದ್ದರು. ಅದರೊಳಗೆ ಆರು ಜನ: ಠಾಣೆಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವ ಅಪ್ಪ, ಅಮ್ಮ, ಕಾಲೇಜಿಗೆ ಹೋಗುವ ಅಕ್ಕ ಸುಜಾತಾ, ಎಂಟನೆಯ ತರಗತಿಯ ನಾನು, ತಮ್ಮ ಸಂತು, ಮತ್ತು ಅಮ್ಮನ ಅಪ್ಪ, ಅಂದರೆ ನಮ್ಮ ಅಜ್ಜ.

ಸಂತು ಹುಟ್ಟುಕಿವುಡ. ಮಾತೂ ಇರಲಿಲ್ಲ. ಗಾಡಿ ಬರುವಾಗ ನೆಲಕ್ಕೆ ಅಂಗೈ ಊರಿ, ನಮಗಿಂತ ಮೊದಲೇ ತಿಳಿದು, ಪಟಗಳತ್ತ ಬೆರಳು ತೋರಿಸಿ ನಗುತ್ತಿದ್ದ. ಅಮ್ಮ ದಿನಾ ಬೆಳಿಗ್ಗೆ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು, ಜೇನು ಬೆರೆಸಿ ಅವನ ನಾಲಿಗೆಗೆ ತಿಕ್ಕುತ್ತಿದ್ದಳು. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಬಜೆ ತಿಕ್ಕಿದರೆ ಮಾತು ಬರುತ್ತದೆಂದು ಯಾರೋ ಹೇಳಿದ್ದರು. ಊರಿನಲ್ಲಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ಬೇರೆಯೇ ಕಾರಣ ಹೇಳಿದ್ದರು. ಸಂತು ಹೊಟ್ಟೆಯಲ್ಲಿದ್ದಾಗ ಅಮ್ಮ ನಾಗಬನದ ಪಕ್ಕದ ಕಾಲುದಾರಿಯಲ್ಲಿ ನಡೆದಿದ್ದಳಂತೆ, ನಾಗನಿಗೆ ಮೈಲಿಗೆಯಾಯಿತಂತೆ. ಪ್ರತಿ ವರ್ಷ ಊರಿಗೆ ಹೋದಾಗ ಅಮ್ಮ ಆ ಬನದ ಮುಂದೆ ಹಾಲು, ಎಳನೀರು ಇಟ್ಟು, ಉಪವಾಸ ಕೂತು, ನೆಲಕ್ಕೆ ಹಣೆ ಹಚ್ಚಿ ತಪ್ಪಾಯಿತು ಎನ್ನುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತು, ಅಮ್ಮ ತಪ್ಪು ಮಾಡಿದ್ದಾಳೆ ಎಂದು ನಂಬಿಯೇ ಬೆಳೆದೆ.

ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಲು ರದ್ದಿ ಕಾಗದವನ್ನು ಮೂಟೆಗಟ್ಟಲೆ ತರಿಸುತ್ತಿದ್ದರು. ಆ ಮೂಟೆಯೊಳಗೆ ಒಮ್ಮೆ ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂತು. ಹರಿದು ವಡೆ ಕಟ್ಟಲು ಮನಸ್ಸಾಗದೆ ಅಪ್ಪ ಅದನ್ನು ಮನೆಗೆ ತಂದು, ನಿನ್ನ ಇಂಗ್ಲಿಷ್ ಸುಧಾರಿಸಲಿ ಎಂದು ನನ್ನ ಕೈಗೆ ಹಾಕಿದರು. ಒಳಪುಟದಲ್ಲಿದ್ದ ಹೆಸರನ್ನು ನಾನು ಗಟ್ಟಿಯಾಗಿ ಓದಿದ್ದೇ ತಡ, ಕಿಟಕಿಯ ಬಳಿ ಮಡಚುವ ಮಂಚದ ಮೇಲೆ ಕೂತಿದ್ದ ಅಜ್ಜ ಎರಡೂ ಕೈ ಚಾಚಿದರು. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ನಮ್ಮ ಟ್ರೈನಿಂಗ್ ಶಾಲೆಯ ಮಾಸ್ತರು ಒಂದು ಇಡೀ ಪೀರಿಯಡ್ ಈ ಪುಸ್ತಕದ ವಿಷಯ ಹೇಳಿದ್ರು ಮಗಾ. ಕಡೆಗೆ, ಇದು ಪರೀಕ್ಷೆಗೆ ಇಲ್ಲ ಅಂತ ಬಿಟ್ಟುಬಿಟ್ರು. ಅವತ್ತಿನಿಂದ ಓದಬೇಕು ಅಂತ ಇದ್ದೆ. ಕಣ್ಣಿದ್ದಾಗ ಪುಸ್ತಕ ಸಿಗಲಿಲ್ಲ."

"ಎಂತ ಉಂಟು ಅಜ್ಜ ಅದರಲ್ಲಿ?"

"ಇಷ್ಟು ಬಗೆಯ ಜೀವಗಳು ಎಲ್ಲಿಂದ ಬಂದವು ಅಂತ. ಯಾರೂ ಒಂದೊಂದಾಗಿ ಕೂತು ಮಾಡಿದ್ದಲ್ಲ ಅಂತ. ನೀನು ಓದು, ನಾನು ಕನ್ನಡ ಮಾಡ್ತೇನೆ."

ಮನೆಯ ಮಾತು ತುಳುವಾದರೂ, ಜೀವಮಾನವೆಲ್ಲ ಕನ್ನಡ ಶಾಲೆಯ ಮಾಸ್ತರಾಗಿದ್ದ ಅಜ್ಜ ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು. ಅಕ್ಕ ಬೇಕೆಂದೇ ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಹೀಗೆ ಶಾಲೆ ಮುಗಿದು ಬಂದ ಮೇಲೆ ಸಂಜೆಯ ನಲ್ಲಿ ನೀರು ಬರುವವರೆಗೆ ನಮ್ಮ ಓದು. ಆ ಪುಸ್ತಕದ ವಾಕ್ಯಗಳು ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ತಗುಲಿಕೊಂಡು ಮುಗಿಯುವುದೇ ಇಲ್ಲ. ನಾನು ಉಸಿರುಕಟ್ಟಿ ನಿಲ್ಲುತ್ತಿದ್ದೆ. ಮೊದಲು ಫುಲ್‌ಸ್ಟಾಪ್ ಎಲ್ಲಿ ಉಂಟು ನೋಡು, ಆಮೇಲೆ ಹೊರಡು, ಎನ್ನುತ್ತಿದ್ದರು ಅಜ್ಜ. ಮೊದಲ ಅಧ್ಯಾಯದಲ್ಲಿ ಬರೀ ಪಾರಿವಾಳ ಸಾಕುವವರ ವಿಚಾರ. ಯಾವ ಹಕ್ಕಿಯನ್ನು ಯಾವುದರೊಡನೆ ಕೂಡಿಸಿದರೆ ಎಂಥ ಮರಿ ಬರುತ್ತದೆ ಎಂದು ಪುಟಗಟ್ಟಲೆ. ಇದಕ್ಕೆ ಇಷ್ಟು ದೊಡ್ಡ ಪುಸ್ತಕ ಏಕೆ ಎಂದು ನನಗೆ ಬೇಸರವಾಗಿತ್ತು. ಅಜ್ಜ ಮಾತ್ರ, ತಡಿ, ಬರೆದವನಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತುಂಟು, ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು.

ಆಮೇಲೆ ಬದುಕಿನ ಹೋರಾಟದ ಅಧ್ಯಾಯ ಬಂತು. ಹುಟ್ಟಿದ್ದೆಲ್ಲ ಬದುಕುವುದಿಲ್ಲ, ಬದುಕುವುದಕ್ಕಿಂತ ಎಷ್ಟೋ ಹೆಚ್ಚು ಹುಟ್ಟುತ್ತವೆ, ಉಳಿದವು ಉಳಿದದ್ದು ಯಾರ ಕೃಪೆಯಿಂದಲೂ ಅಲ್ಲ. ಅಜ್ಜ ಅದನ್ನು ಕನ್ನಡದಲ್ಲಿ ಹೇಳುತ್ತಾ, ಮೀನಿನ ಮೊಟ್ಟೆಗಳೆಲ್ಲ ಮೀನಾದರೆ ಕಡಲಲ್ಲಿ ನೀರಿಗೇ ಜಾಗ ಇರುವುದಿಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ಅಮ್ಮ ಮೀನು ಕೊಯ್ಯುವಾಗ ಹೊಟ್ಟೆಯಿಂದ ಹಳದಿ ಮೊಟ್ಟೆಯ ಚೀಲ ಹೊರಬಂತು. ನಾನು ಅದನ್ನೇ ನೋಡುತ್ತಾ ಕೂತೆ. ಅಷ್ಟೂ ಕಾಳುಗಳು ಒಂದೊಂದೂ ಒಂದು ಮೀನು. ಸಾವಿಗಾಗಿಯೇ ಅಷ್ಟೊಂದು ಹುಟ್ಟಿಸಿಡುವ ವ್ಯವಸ್ಥೆಯೊಳಗೆ ನಾವೂ ಇದ್ದೇವೆ ಎಂದು ತಿಳಿಯಿತು. ಆ ದಿನ ನಾನು ಮೀನು ಮುಟ್ಟಲಿಲ್ಲ. "ಪಾಗಲ್ ಹೋ ಗಯೀ ಹೈ" ಎಂದು ನನ್ನನ್ನು ಹುಚ್ಚಿ ಮಾಡಿ ಅಕ್ಕ ನನ್ನ ಪಾಲನ್ನೂ ತನ್ನ ತಟ್ಟೆಗೆ ಹಾಕಿಕೊಂಡಳು.

ಇಷ್ಟರಲ್ಲಿ ಅಮ್ಮನೂ ಕೇಳಲು ಶುರುಮಾಡಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಕೇಳುತ್ತೇನೆಂದು ಹೇಳಲಿಲ್ಲ, ಪರದೆಯನ್ನು ಒಂದು ಬದಿಗೆ ಸರಿಸಿ ಮೊಳೆಗೆ ಸಿಕ್ಕಿಸಿದಳು ಅಷ್ಟೇ. ಸಂಜೆಗೆ ಬೇಕಾದ ತೆಂಗಿನಕಾಯಿಯನ್ನು ಓದಿನ ಹೊತ್ತಿಗೇ ತುರಿಯಲು ಕೂರುತ್ತಿದ್ದಳು.

ಆಗ ಮನೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಕ್ಕನನ್ನು ಕಲ್ಯಾಣದ ಮಾವನ ಮಗ ಪ್ರದೀಪನಿಗೆ ಕೊಡುವುದೆಂದು ಬಹುತೇಕ ನಿಶ್ಚಯವಾಗಿತ್ತು. ನಮ್ಮ ಕಡೆ ಇದು ಹೊಸತೇನಲ್ಲ. ಅಜ್ಜ ಮದುವೆಯಾದದ್ದು ಅವರ ಸ್ವಂತ ಸೋದರಮಾವನ ಮಗಳನ್ನು. ಅಮ್ಮನನ್ನು ಕೊಟ್ಟದ್ದು ಅಜ್ಜನ ಅಕ್ಕನ ಮಗನಿಗೆ. ಆ ಮಗನೇ ನಮ್ಮ ಅಪ್ಪ. ಹೀಗಾಗಿ ಊರಿನ ಅಜ್ಜಿ ಅಮ್ಮನಿಗೆ ಮೊದಲು ಅಪ್ಪನ ಅಕ್ಕ, ಆಮೇಲೆ ಅತ್ತೆ. ಈಗ ಅಜ್ಜನ ಮಗನ ಮಗನಿಗೆ ಮಗಳ ಮಗಳು. ಹೊರಗಿನಿಂದ ತಂದರೆ ಯಾರೋ ಏನೋ, ನಮ್ಮೊಳಗಿದ್ದರೆ ಸಂಬಂಧ ಉಳಿಯುತ್ತದೆ ಎಂಬುದು ಎಲ್ಲರ ಮಾತು. ಅಕ್ಕನಿಗೂ ಪ್ರದೀಪನೆಂದರೆ ಇಷ್ಟವಿತ್ತು. ಅವನು ಬರುವ ದಿನ ಅವಳು ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಅಕ್ಕ ಟೈಪಿಂಗ್ ಕ್ಲಾಸಿಗೆ ಹೋಗಿದ್ದಳು. ಸಂತು ಮಂಚದ ಕೆಳಗೆ ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸಿ ರೈಲು ಮಾಡುತ್ತಿದ್ದ. ನಾನು ಓದುತ್ತಿದ್ದ ಭಾಗದಲ್ಲಿ ಆ ಲೇಖಕ ಮತ್ತೆ ಪ್ರಾಣಿ ಸಾಕುವವರ ವಿಷಯಕ್ಕೆ ಬಂದಿದ್ದ. ತೀರ ಹತ್ತಿರದ ರಕ್ತದೊಳಗೇ ಮತ್ತೆ ಮತ್ತೆ ಕೂಡಿಸುತ್ತಾ ಹೋದರೆ ಸಂತತಿ ಸೊರಗುತ್ತದೆ, ಶಕ್ತಿ ಕುಂದುತ್ತದೆ ಎಂದು ಅನುಭವಸ್ಥರೆಲ್ಲ ಒಪ್ಪುತ್ತಾರೆ ಎಂಬರ್ಥದ ಮಾತು. ನಾನು ಓದಿ ನಿಲ್ಲಿಸಿ, ಅಜ್ಜ ಕನ್ನಡ ಮಾಡಲಿ ಎಂದು ಕಾದೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಓದಿದೆ. ಒಳಗೆ ಕಾಯಿ ತುರಿಯುವ ಸದ್ದು ನಿಂತಿತು.

"ಅವನು ಎಂತ ಹೇಳ್ತಾನೆ, ಅಪ್ಪ?" ಅಮ್ಮ ಕೇಳಿದಳು.

ಅಜ್ಜ ತೊಡೆಯ ಮೇಲಿನ ಪಂಚೆಯನ್ನು ಬೆರಳಿನಿಂದ ನೆರಿಗೆ ಮಾಡುತ್ತಿದ್ದರು.

"ಪ್ರಾಣಿಗಳ ವಿಷಯ ಅದು."

"ನಾನು ಕೇಳಿದೆ. ಬ್ಲಡ್ ಅಂದದ್ದು ಕೇಳಿತು. ಎಂತ ಹೇಳ್ತಾನೆ?"

ಆಗ ನಾನೇ, ಉತ್ತರ ಗೊತ್ತಿರುವ ಶಾಲೆಯ ಹುಡುಗಿಯ ಹುಮ್ಮಸ್ಸಿನಲ್ಲಿ, ಹತ್ತಿರದ ನೆಂಟರೊಳಗೇ ಮದುವೆಯಾದರೆ ಮಕ್ಕಳು ಸರಿ ಆಗುವುದಿಲ್ಲವಂತೆ ಎಂದೆ. ಹೇಳಿ ಮುಗಿಸುವ ಹೊತ್ತಿಗೆ ನನ್ನ ಕಣ್ಣು ಮಂಚದ ಕೆಳಗಿದ್ದ ಸಂತುವಿನ ಮೇಲೆ ಹೋಗಿತ್ತು. ಅಮ್ಮನ ಕಣ್ಣೂ ಅಲ್ಲೇ ಇತ್ತು. ಅವನು ನಮ್ಮಿಬ್ಬರನ್ನೂ ನೋಡಿ, ತನ್ನ ರೈಲನ್ನು ಹೊಗಳುತ್ತಿದ್ದೇವೆಂದುಕೊಂಡು ನಕ್ಕ.

"ಹಾಗಾದರೆ ನಾಗ ಅಲ್ಲವಾ?" ಅಮ್ಮನ ದನಿ ಏರಲಿಲ್ಲ. "ಅಪ್ಪ, ನಾಗ ಅಲ್ಲವಾ?"

ಆಮೇಲೆ ಅಜ್ಜ ಹೇಳಿದ್ದು ಇದು. ಎಷ್ಟೋ ವರ್ಷ ಕಳೆದರೂ ಆ ದನಿ ನನ್ನ ಕಿವಿಯಲ್ಲಿದೆ, ಒಂದು ಪಾಠವನ್ನು ಒಪ್ಪಿಸುವವರ ಹಾಗೆ ಏರಿಳಿತವಿಲ್ಲದೆ ಹೇಳಿದರು.

"ನನ್ನ ಮೊದಲ ಮಗನಿಗೂ ಕಿವಿ ಕೇಳ್ತಿರಲಿಲ್ಲ."

ಅಮ್ಮನಿಗೆ ಒಬ್ಬನೇ ಅಣ್ಣ, ಕಲ್ಯಾಣದ ಮಾವ. ಮೊದಲ ಮಗ ಎಂದರೆ ಅವರೇ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದಲ್ಲ ಎಂದು ನಾನು ಗೊಂದಲದಲ್ಲಿದ್ದೆ. ಅಮ್ಮನಿಗೆ ನನಗಿಂತ ಮೊದಲು ಅರ್ಥವಾಯಿತು. ಎದ್ದು ಬಂದು ಹೊಸ್ತಿಲಲ್ಲಿ ನಿಂತಳು. ಬೆರಳಿಗೆ ಕಾಯಿತುರಿ ಅಂಟಿತ್ತು.

"ನಿನ್ನ ಅಣ್ಣನಿಗಿಂತ ಮೊದಲು ಒಬ್ಬ ಇದ್ದ. ನಾನು ಘಟ್ಟದ ಮೇಲಿನ ಶಾಲೆಯಲ್ಲಿದ್ದಾಗ. ಅವನಿಗೆ ಆರು ವರ್ಷ ಆಗಿತ್ತು. ನಿನ್ನ ಅಣ್ಣ ತೊಟ್ಟಿಲಲ್ಲಿದ್ದ, ನೀನು ಹುಟ್ಟಿರಲಿಲ್ಲ. ಸಂತೆಯಿಂದ ಬರುವಾಗ ನಾನು ರಸ್ತೆ ದಾಟಿ ಮುಂದೆ ಬಂದಿದ್ದೆ, ಅವನು ಹಿಂದೆ ಉಳಿದಿದ್ದ. ಲಾರಿ ಬಂತು. ಡ್ರೈವರ್ ಹಾರ್ನ್ ಹಾಕಿದ. ನಾನೂ ಕೂಗಿದೆ." ಅಜ್ಜ ಪಂಚೆಯ ನೆರಿಗೆಯನ್ನು ಬಿಡಿಸಿದರು. "ಕೇಳುವುದಿಲ್ಲ ಅಂತ ಗೊತ್ತಿದ್ದೂ ಕೂಗಿದೆ. ಓಡಬೇಕಿತ್ತು."

"ಹೆಸರು ಎಂತ?"

"ಬಾಲಕೃಷ್ಣ ಅಂತ ಇಟ್ಟದ್ದು. ಕರೆದದ್ದು ಇಲ್ಲ. ಕರೆದರೆ ತಿರುಗುತ್ತಿರಲಿಲ್ಲ."

ಕಾರ್‌ಶೆಡ್‌ಗೆ ಒಂದು ಗಾಡಿ ಬಂತು. ಅಭ್ಯಾಸದಂತೆ ಎಲ್ಲರೂ ತಡೆದೆವು. ಅದು ನಿಂತ ಮೇಲೆ ಅಮ್ಮ ಕೇಳಿದ್ದು ತುಳುವಿನಲ್ಲಿ. ಅಜ್ಜನೊಡನೆ ಅವಳು ತುಳು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತೆಗೆ ಗೊತ್ತಿತ್ತಾ, ಎಂದು ಕೇಳಿದಳು. ಅಜ್ಜ ಹೌದೆಂದು ತಲೆಯಾಡಿಸಿದರು. ಊರಿಗೆ ವರ್ಗವಾಗಿ ಬಂದಾಗ ಯಾರಿಗೂ ಹೇಳಲಿಲ್ಲವಂತೆ. ಕಿವುಡು ಹುಟ್ಟಿದ ಮನೆ ಎಂದು ತಿಳಿದರೆ ಮುಂದೆ ಮಗಳಿಗೆ ಗಂಡು ಸಿಗಲಿಕ್ಕಿಲ್ಲ ಎಂಬ ಹೆದರಿಕೆ. ಹೆಂಡತಿಯನ್ನು ಬಿಟ್ಟರೆ ಗೊತ್ತಿದ್ದವರು ಅವರ ಅಕ್ಕ, ಅಂದರೆ ಊರಿನ ಅಜ್ಜಿ, ಒಬ್ಬರೇ. ಗೊತ್ತಿದ್ದವರ ಮನೆಗೇ ಕೊಟ್ಟರೆ ಗುಟ್ಟು ಹೊರಗೆ ಹೋಗುವುದಿಲ್ಲವೆಂದು ಅಕ್ಕನ ಮಗನಿಗೇ ಮಗಳನ್ನು ಕೊಟ್ಟರು. ಮುಚ್ಚಿಡಲು ಮಾಡಿದ ಮದುವೆಯಲ್ಲೇ ಅದು ಮತ್ತೆ ಹುಟ್ಟಿ ಬಂದಿತ್ತು. ಸಂತುವಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದ ದಿನವೇ ಅಕ್ಕತಮ್ಮಂದಿರಾದ ಆ ಇಬ್ಬರು ಹಿರಿಯರಿಗೂ ಇದು ಹಳೆಯದರ ಮರುಕಳಿಕೆಯೆಂದು ಅನ್ನಿಸಿರಬೇಕು. ಒಬ್ಬರು ನಾಗನ ಹೆಸರು ಹೇಳಿದರು. ಇನ್ನೊಬ್ಬರು ಬಾಯಿ ಬಿಡಲಿಲ್ಲ.

"ನಾನು ಆ ಬನದ ಮುಂದೆ ಹಣೆ ಇಡುವಾಗ ನೀವು ಪಕ್ಕದಲ್ಲಿ ನಿಂತಿದ್ರಿ ಅಪ್ಪ," ಎಂದಳು ಅಮ್ಮ. "ಕಣ್ಣು ಕಾಣುತ್ತಿತ್ತು ಆಗ ನಿಮಗೆ."

ಅವಳು ಒಳಗೆ ಹೋಗಿ ಬಜೆಯ ಬೇರನ್ನೂ ತೇಯುವ ಕಲ್ಲನ್ನೂ ತಂದು, ಹಿಂದಿನ ಕಿಟಕಿಯ ಸರಳುಗಳ ನಡುವಿನಿಂದ ಕಾರ್‌ಶೆಡ್‌ನ ಗೋಡೆಯತ್ತ ಎಸೆದಳು. ಕಲ್ಲು ಬಿದ್ದ ಸದ್ದು ಕೇಳಿಸಿತು. ಮತ್ತೆ ಹೋಗಿ ಕಾಯಿ ತುರಿಯಲು ಕೂತಳು. ನಾನು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಹಾಗೇ ಇದ್ದೆ. ನನಗೆ ದೊಡ್ಡವರ ಮೇಲಿದ್ದ ನಂಬಿಕೆಯಲ್ಲಿ ಏನೋ ಒಂದು ಅಂದು ಕಳಚಿಬಿತ್ತು. ಅದನ್ನು ಏನೆಂದು ಕರೆಯಬೇಕೋ ಇಂದಿಗೂ ಗೊತ್ತಿಲ್ಲ.

ಅಪ್ಪನಿಗೆ ಅಮ್ಮ ಏನು ಹೇಳಿದಳೋ ನಾನು ಕೇಳಲಿಲ್ಲ. ಅವರು ಕೆಲಸದಿಂದ ಬಂದು, ಅಡಿಗೆಮನೆಯ ಮೂಲೆಯ ಮೋರಿಯಲ್ಲಿ ಮುಖ ತೊಳೆಯಲು ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಅಪ್ಪ ಹೆಚ್ಚು ಮಾತಿನವರಲ್ಲ. ಎದ್ದು ಬಂದು ಸಂತುವನ್ನು ಎತ್ತಿಕೊಂಡು ಚಾಳಿನ ಗ್ಯಾಲರಿಯಲ್ಲಿ ನಿಂತರು. ಅಜ್ಜನಿಗೆ ಅಂದೂ ಅಮ್ಮನೇ ಊಟ ಬಡಿಸಿದಳು, ಅನ್ನ ಇಲ್ಲಿ, ಸಾರು ಇಲ್ಲಿ ಎಂದು ಅವರ ಬೆರಳನ್ನು ಹಿಡಿದು ತಟ್ಟೆಗೆ ಮುಟ್ಟಿಸಿದಳು. ಮಾತು ಮಾತ್ರ ಆಡಲಿಲ್ಲ.

ಅಪ್ಪನಿಗೆ ವಾರದ ರಜೆ ಸೋಮವಾರ. ಮುಂದಿನ ಸೋಮವಾರವೇ ಮಾವ ಪೇಡೆಯ ಡಬ್ಬಿ ಹಿಡಿದು, ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಬಂದರು. ಅಮ್ಮ ಚಹಾ ಕೊಟ್ಟಳು. ಡಬ್ಬಿಯನ್ನು ಮುಟ್ಟಲಿಲ್ಲ.

"ಅಣ್ಣ, ಈ ಮದುವೆ ಬೇಡ."

ಮಾವ ನಕ್ಕರು, ತಮಾಷೆಯೆಂದುಕೊಂಡು. ಅಮ್ಮ ಕಾರಣ ಹೇಳುತ್ತಾ ಹೋದ ಹಾಗೆ ಅವರ ನಗು ಇಳಿಯಿತು.

"ಡೋಕಾ ಫಿರ್ಲಾ ಕಾಯ್ ತುಝಾ? ತಲೆ ಕೆಟ್ಟಿದೆಯಾ? ಹೋಟೆಲಿನ ರದ್ದಿಯಲ್ಲಿ ಬಂದ ಬುಕ್ ಓದಿ ನನ್ನ ಮಗನನ್ನು ಬೇಡ ಅಂತೀಯಾ? ಅರೇ, ಕಬೂತರದ ವಿಷಯ ಬರೆದವನಿಗೆ ನಮ್ಮ ಮನೆತನ ಎಂತ ಗೊತ್ತು?"

"ಅವನಿಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತುಂಟು. ಕೇಳು."

ಮಾವ ಅಜ್ಜನ ಕಡೆ ತಿರುಗಿದರು. ಅಜ್ಜ ಎರಡನೆಯ ಸಲ ಅದೇ ಮಾತುಗಳನ್ನು ಹೇಳಿದರು. ಘಟ್ಟದ ಮೇಲಿನ ಶಾಲೆ, ಸಂತೆ, ಲಾರಿ. ಮಾವ ಮಧ್ಯದಲ್ಲೇ ಎದ್ದು ನಿಂತರು. ಬಾಗಿಲ ಬಳಿ ಅಕ್ಕ ಗೋಡೆಗೆ ಒರಗಿಕೊಂಡು ನಿಂತಿದ್ದಳು.

"ಸುಳ್ಳು," ಎಂದರು ಮಾವ. "ವಯಸ್ಸಾಗಿದೆ ಇವರಿಗೆ. ಭಾವ, ನೀವಾದರೂ ಹೇಳಿ."

ಅಪ್ಪ ಆ ದಿನ ಆಡಿದ್ದು ಒಂದೇ ಮಾತು. "ಹುಡುಗ ಬಂಗಾರ. ಬೇಡ ಅಂತಿರುವುದು ಹುಡುಗನನ್ನಲ್ಲ."

ಮಾವ ಅಜ್ಜನ ಬಟ್ಟೆಗಳನ್ನು ಚೀಲಕ್ಕೆ ತುಂಬಿದರು. ನನ್ನ ಅಪ್ಪ ನನ್ನ ಮನೆಯಲ್ಲಿರಲಿ, ಇಲ್ಲಿ ಓದಿ ಹಾಳಾಗುವುದು ಬೇಡ ಎಂದರು. ಖೋಲಿ ಬಿಡಿ ಎಂದು ಹೇಳಲಿಲ್ಲ. ಅಷ್ಟು ಸಣ್ಣ ಮನುಷ್ಯರಲ್ಲ. ಆದರೆ ಆ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದರು. ಅಜ್ಜ ಬಾಗಿಲಲ್ಲಿ ನಿಂತು, ಗಾಳಿಯಲ್ಲಿ ಕೈಯಾಡಿಸಿ ಸಂತುವಿನ ತಲೆ ಹುಡುಕಿ ಮುಟ್ಟಿದರು. ಅಮ್ಮ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ತಡೆಯುತ್ತಾಳೆಂದು ನಾನು ಕಾದೆ. ಪರದೆ ಕದಲಲಿಲ್ಲ.

ಆ ಮೇಲಿನ ದಿನಗಳಲ್ಲಿ ನಮ್ಮ ಮನೆ ಬದಲಾದ ಬಗೆ ವಿಚಿತ್ರವಾಗಿತ್ತು. ಅಕ್ಕ ಅಮ್ಮನೊಡನೆ ಮಾತು ಬಿಟ್ಟಳು. ನನ್ನನ್ನು ಕಂಡರೆ, ಬಡೀ ಆಯೀ ಪಢನೇವಾಲೀ, ಬಂದಳು ದೊಡ್ಡ ಓದುವವಳು, ಎಂದು ಉರಿಯುತ್ತಿದ್ದಳು. ಅಮ್ಮ ಮಾತ್ರ ಸಂತುವನ್ನು ಕರೆದುಕೊಂಡು ಠಾಣೆಯಲ್ಲಿ ಕಿವುಡ ಮಕ್ಕಳ ಶಾಲೆ ಎಲ್ಲಿದೆಯೆಂದು ಕೇಳುತ್ತಾ ಅಲೆದಳು. ನಾಗನ ಹರಕೆಗೆಂದು ಪ್ರತಿ ವರ್ಷ ಊರಿಗೆ ಹೋಗುತ್ತಿದ್ದವಳು ಆ ವರ್ಷ ಹೋಗಲಿಲ್ಲ. ಶಾಲೆಯಲ್ಲಿ ಕೈಸನ್ನೆಯ ಮಾತು ಕಲಿತು ಬಂದ ಸಂತು, ಮೊದಲ ಸಲ ಅಮ್ಮನ ಎದುರು ನಿಂತು ನೀರು ಬೇಕೆಂದು ಬೆರಳಲ್ಲಿ ಹೇಳಿದಾಗ ಅವಳು ನೀರು ಕೊಡುವುದನ್ನೇ ಮರೆತು ನೋಡುತ್ತಾ ನಿಂತಿದ್ದಳು. ಇಷ್ಟು ವರ್ಷ ಅವನ ನಾಲಿಗೆಯಲ್ಲಿ ಮಾತನ್ನು ಹುಡುಕಿದವಳು.

ನಾನು ಪುಸ್ತಕವನ್ನು ಒಬ್ಬಳೇ ಮುಂದುವರಿಸಿದೆ. ಅಜ್ಜನ ಕನ್ನಡವಿಲ್ಲದೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಕೊನೆಯಲ್ಲಿ ಬೇರೆ ಯಾರೋ ಸಣ್ಣ ಅಕ್ಷರಗಳಲ್ಲಿ ಬರೆದ, ಲೇಖಕನ ಜೀವನದ ಕೆಲವು ಪುಟಗಳಿದ್ದವು. ಹಡಗು, ದ್ವೀಪ, ಕಾಯಿಲೆ, ಎಲ್ಲ ದಾಟಿ ಒಂದು ಸಾಲಿಗೆ ಬಂದು ನಿಂತೆ. ತಪ್ಪಾಗಿ ಓದಿದೆನೇನೋ ಎಂದು ನಿಘಂಟು ತೆಗೆದು ನೋಡಿದೆ. ತಪ್ಪಾಗಿರಲಿಲ್ಲ. ಅವನು ಮದುವೆಯಾದದ್ದು ತನ್ನ ಸೋದರಮಾವನ ಮಗಳನ್ನು. ಅವರ ಮಕ್ಕಳಲ್ಲಿ ಕೆಲವರು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ತನ್ನ ರಕ್ತಸಂಬಂಧದ ಮದುವೆಯೇ ಕಾರಣವಿರಬಹುದೇ ಎಂದು ಅವನು ಕೊರಗುತ್ತಿದ್ದನಂತೆ. ಇಡೀ ಲೋಕಕ್ಕೆ ಹೇಳಿಕೊಟ್ಟವನ ಮನೆಯೂ ನಮ್ಮ ಅಜ್ಜನ ಮನೆಯ ಹಾಗೆಯೇ ಇತ್ತು. ಓಡಿಹೋಗಿ ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿದಳು.

"ಅವನ ಹೆಂಡತಿಗೆ ಯಾರಾದರೂ ಹೇಳಿದ್ರಾ?"

"ಅದು ಬರೆದಿಲ್ಲ ಅಮ್ಮ."

"ಪಾಪ," ಎಂದಳು. ಗಂಡನಿಗೋ ಹೆಂಡತಿಗೋ ಗೊತ್ತಾಗಲಿಲ್ಲ.

ಆ ಮಾತನ್ನು ಮಂಚದ ಮೇಲೆ ಬೆನ್ನು ತಿರುಗಿಸಿ ಮಲಗಿದ್ದ ಅಕ್ಕ ಕೇಳಿಸಿಕೊಂಡಿದ್ದಳು. ಕೆಲವು ದಿನಗಳ ಮೇಲೆ, ಡಾಕ್ಟರ ಹತ್ತಿರ ಹೋಗೋಣ ಎಂದು ಅವಳೇ ಅಮ್ಮನಿಗೆ ಹೇಳಿದಳು. ಠಾಣೆಯ ಆಸ್ಪತ್ರೆಯಲ್ಲಿ ಮರಾಠಿ ಮಾತಾಡುವ ಒಬ್ಬ ಹೆಂಗಸು ಡಾಕ್ಟರು ನಮ್ಮ ಮನೆತನದ ಬಳ್ಳಿಯನ್ನು ಕಾಗದದ ಮೇಲೆ ಬರೆದು, ಆಗಬಹುದು, ಆಗದೆಯೂ ಇರಬಹುದು, ಖಾತ್ರಿಯಾಗಿ ಹೇಳಲಾಗದು ಎಂದರಂತೆ. ಅಮ್ಮನಿಗೆ ಅದು ಸಾಲಲಿಲ್ಲ. ಅಕ್ಕನಿಗೆ ಸಾಕಾಯಿತು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು:

"ಅಜ್ಜ ಹೂಂ ಅಂದದ್ದಕ್ಕೆ ನಾನು ಮದುವೆ ಆಗಲ್ಲ. ನೀನು ಬೇಡ ಅಂದದ್ದಕ್ಕೆ ಬಿಡೋದೂ ಇಲ್ಲ. ಪ್ರದೀಪನ ಹತ್ತಿರ ನಾನೇ ಮಾತಾಡ್ತೇನೆ."

ಅಮ್ಮ ಸಿಟ್ಟಾಗಲಿಲ್ಲ. ಅವಳಿಗೆ ಗೊತ್ತಿದೆ, ಗೊತ್ತಿದ್ದು ಮಾಡಲಿ, ನನಗೆ ಆ ಅವಕಾಶ ಸಿಗಲಿಲ್ಲ, ಎಂದಳು ಅಪ್ಪನಿಗೆ. ಕೆಲವು ವರ್ಷಗಳ ನಂತರ ಅವರಿಬ್ಬರೂ ಮದುವೆಯಾದರು. ಡೊಂಬಿವಲಿಯಲ್ಲಿ ಮನೆ ಮಾಡಿದರು. ಹೆಣ್ಣುಮಗು ಹುಟ್ಟಿತು. ಅಮ್ಮ ಬಾಣಂತಿಯ ಕೋಣೆಯಲ್ಲಿ ಮಗುವಿನ ತಲೆಯ ಹಿಂದೆ ನಿಂತು ಸ್ಟೀಲಿನ ತಟ್ಟೆಗೆ ಸೌಟು ಬಡಿದಳು. ಮಗು ಬೆಚ್ಚಿ ಕಿರುಚಿತು. ಅಮ್ಮ ಅಲ್ಲೇ ನೆಲಕ್ಕೆ ಕುಸಿದು ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕ ಎರಡನೆಯದು ಬೇಡವೆಂದಳು. ಏಕೆಂದು ಯಾರೂ ಕೇಳಲಿಲ್ಲ. ಸಂತು ಈಗ ರಬಾಳೆಯ ಒಂದು ಛಾಪಖಾನೆಯಲ್ಲಿ ಮೆಶಿನ್ ನಡೆಸುತ್ತಾನೆ. ಭಾನುವಾರಗಳಲ್ಲಿ ಸೀವುಡ್ಸ್‌ನ ನನ್ನ ಮನೆಗೆ ಹೆಂ‌ಡತಿಯೊಡನೆ ಬಂದು, ಇಬ್ಬರೂ ಕೈಗಳಲ್ಲಿ ನನಗೆ ಅರ್ಥವಾಗದಷ್ಟು ವೇಗವಾಗಿ ಜಗಳವಾಡುತ್ತಾರೆ.

ಆದರೆ ನಾನು ಹೇಳಬೇಕಾದದ್ದು ಅಜ್ಜನ ಕೊನೆಯ ವಿಷಯ. ಕಲ್ಯಾಣಕ್ಕೆ ಹೋದ ಮೇಲೆ ಅವರು ಮತ್ತೆ ಕಳವಾಕ್ಕೆ ಬರಲಿಲ್ಲ. ಒಮ್ಮೆ ಚಾಳಿನ ಮುಂದಿನ ಕಿರಾಣಿ ಅಂಗಡಿಗೆ ಫೋನು ಮಾಡಿಸಿದ್ದರು. ಅಮ್ಮ ಹೋಗಿ ರಿಸೀವರನ್ನು ಕಿವಿಗೆ ಹಿಡಿದಳು. ಅತ್ತಲಿಂದ ಮಗಾ, ಮಗಾ ಎನ್ನುವುದು ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಅವಳು ಹೂಂ ಎನ್ನಲಿಲ್ಲ, ಇಡಲೂ ಇಲ್ಲ. ಬಹಳ ಹೊತ್ತು ಕೇಳಿಸಿಕೊಂಡು, ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತಳು. ಮುಂದಿನ ವರ್ಷದ ಮಳೆಗಾಲದ ಮೊದಲೇ, ಒಂದು ಬೆಳಿಗ್ಗೆ, ಚಹಾ ಕುಡಿದು ಲೋಟ ಕೆಳಗಿಡುವಾಗ ಅಜ್ಜ ಹೋಗಿಬಿಟ್ಟರು.

ಉತ್ತರಕ್ರಿಯೆಗೆ ನಾವೆಲ್ಲ ಕಲ್ಯಾಣಕ್ಕೆ ಹೋದೆವು. ಮಾವ ಅಪ್ಪನೊಡನೆ ಮಾತಾಡಿದರು, ಅಮ್ಮನ ಮುಖ ನೋಡಲಿಲ್ಲ. ನಮ್ಮಲ್ಲಿ ಆ ದಿನ ತೀರಿಕೊಂಡವರಿಗೆ ಎಡೆ ಬಡಿಸುವುದುಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪವಿಟ್ಟು, ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಬೇಕು. ಮಾವ ಅಜ್ಜನಿಗಾಗಿ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆಯ ಪದಾರ್ಥ. ಆಗ ಅಮ್ಮ ಒಳಗೆ ಹೋಗಿ, ಗೋಡೆಗೆ ಒರಗಿಸಿದ್ದ ಎಲೆಗಳಲ್ಲಿ ಒಂದು ಸಣ್ಣದನ್ನು ಆರಿಸಿ, ನೀರು ಚಿಮುಕಿಸಿ ಒರೆಸಿ, ಅಜ್ಜನ ಎಲೆಯ ಪಕ್ಕದಲ್ಲಿ ಹಾಕಿದಳು.

"ಇದು ಯಾರಿಗೆ?" ಎಂದರು ಮಾವ.

"ನಮ್ಮ ದೊಡ್ಡಣ್ಣನಿಗೆ. ಇಷ್ಟು ವರ್ಷ ಯಾರೂ ಬಡಿಸಲಿಲ್ಲ."

ಮಾವ ಸೌಟು ಹಿಡಿದುಕೊಂಡು ನಿಂತೇ ಇದ್ದರು. ಜಗಳ ಶುರುವಾಗುತ್ತದೆ, ಅಮ್ಮನ ಎಲೆಯನ್ನು ಎತ್ತಿ ಬಿಸಾಡುತ್ತಾರೆ ಎಂದು ನನಗೆ ಹೆದರಿಕೆ. ಅವರು ಸೌಟನ್ನು ಪಾತ್ರೆಯೊಳಗೆ ಇಟ್ಟರು.

"ಅವನಿಗೆ ಎಂತ ಇಷ್ಟ ಇತ್ತು ಅಂತ ಯಾರಿಗೆ ಗೊತ್ತು? ಅಪ್ಪನೂ ಹೋದರು."

"ಗೊತ್ತಿಲ್ಲ," ಎಂದಳು ಅಮ್ಮ. "ಆರು ವರ್ಷದ ಮಗು."

ಮಾವ ಅಡಿಗೆಮನೆಗೆ ಹೋದರು. ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮುಚ್ಚುವ ಸದ್ದು ಕೇಳಿಸಿತು. ಮರಳಿ ಬಂದು, ಆ ದಪ್ಪ ದೇಹವನ್ನು ಕಷ್ಟಪಟ್ಟು ಮಡಚಿ ನೆಲಕ್ಕೆ ಕೂತು, ಸಣ್ಣ ಎಲೆಯ ಮೇಲೆ ಮೊದಲು ಅನ್ನ ಬಡಿಸಿದರು. ಆಮೇಲೆ ಮುಷ್ಟಿ ಬಿಚ್ಚಿ ಒಂದು ಉಂಡೆ ಬೆಲ್ಲವನ್ನು ಅದರ ಪಕ್ಕದಲ್ಲಿಟ್ಟರು.